ಹಮ್ಮಿಂಗ್‌ಬರ್ಡ್ ಅಲ್ಲ, ನಮ್ಮ ಸೂರಕ್ಕಿ: ಹಿತ್ತಲಿಗೆ ಕರೆಯೋದು ಹ್ಯಾಂಗ, ನೋಡೋದು ಹ್ಯಾಂಗ

ಹೋದ ತಿಂಗಳು ಮುಂಡರಗಿ ಕಡೆಯ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಹನ್ನೆರಡು ಸೆಕೆಂಡಿನ ವಿಡಿಯೊ ಕಳಿಸಿದ. ದಾಸವಾಳದ ಗಿಡ, ಕೆಂಪು ಹೂವು, ಹೂವಿನ ಬುಡದಲ್ಲಿ ಕಪ್ಪಗೆ ಮಿಂಚುವ ಒಂದು ಪುಟ್ಟ ಹಕ್ಕಿ. ಕೆಳಗೆ ಬರೆದಿದ್ದ: "ದೋಸ್ತ, ನಮ್ಮ ಹಿತ್ತಲಕ್ಕ ಹಮ್ಮಿಂಗ್‌ಬರ್ಡ್ ಬಂದೈತಿ! ಆನ್‌ಲೈನ್‌ನ್ಯಾಗ ಅದಕ್ಕ ಕೆಂಪು ಫೀಡರ್ ಸಿಗತಾವ, ತರಿಸಲೇನು?"

ಇಂಥ ಪ್ರಶ್ನೆ ನನಗೆ ಇದು ಮೊದಲಲ್ಲ. ಮೊಬೈಲ್‌ನಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುವ ಹಮ್ಮಿಂಗ್‌ಬರ್ಡ್ ವಿಡಿಯೊಗಳನ್ನು ಎಲ್ಲರೂ ನೋಡಿರುತ್ತೇವೆ. ಆಮೇಲೆ ನಮ್ಮ ಹಿತ್ತಲಲ್ಲಿ ಉದ್ದ ಕೊಕ್ಕಿನ ಪುಟ್ಟ ಹಕ್ಕಿ ಕಂಡ ಕೂಡಲೇ ಅದೇ ಹೆಸರು ಬಾಯಿಗೆ ಬರುತ್ತದೆ. ಅದಕ್ಕೇ ಈ ವಾರ ಬೆಳೆ, ರೇಟು, ರೋಗ ಎಲ್ಲ ಸ್ವಲ್ಪ ಪಕ್ಕಕ್ಕಿಟ್ಟು ಈ ಹಕ್ಕಿ ಬಗ್ಗೆ ಬರೀತೀನಿ. ಪೂರ್ತಿ ಪಕ್ಕಕ್ಕಿಡೋದಂತೂ ಆಗೋದಿಲ್ಲ, ಯಾಕಂದ್ರೆ ನಾವು ಹೊಡೆಯುವ ಔಷಧಿ ಈ ಕತೆಯೊಳಗೆ ಬಂದೇ ಬರುತ್ತದೆ.

ಮೊದಲು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಹಮ್ಮಿಂಗ್‌ಬರ್ಡ್ ಭಾರತದಲ್ಲಿ ಇಲ್ಲ. ಗದಗದಲ್ಲೂ ಇಲ್ಲ, ಹಿಮಾಲಯದಲ್ಲೂ ಇಲ್ಲ. ಅದರ 350ಕ್ಕೂ ಹೆಚ್ಚು ಜಾತಿಗಳು ಇರುವುದು ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ ಮಾತ್ರ. ನಿಮ್ಮ ಹಿತ್ತಲಿಗೆ ಬಂದದ್ದು ಸೂರಕ್ಕಿ. ನಮ್ಮ ಅವ್ವ ಅದನ್ನ ಹೂಗುಬ್ಬಿ ಅಂತಾಳ. ಹೆಸರು ಯಾವುದಾದರೂ ಇರಲಿ, ಇವೆರಡೂ ಅಣ್ಣತಮ್ಮಂದಿರಲ್ಲ, ದೂರದ ಸಂಬಂಧಿಕರೂ ಅಲ್ಲ. ಆ ಖಂಡದಲ್ಲಿ ಒಂದು ಹಕ್ಕಿ ಕೊಳವೆಯಂಥ ಹೂವಿನಿಂದ ಮಕರಂದ ತೆಗೆಯೋದನ್ನ ಕಲಿತು ಉದ್ದ ಕೊಕ್ಕು, ಉದ್ದ ನಾಲಿಗೆ ಬೆಳೆಸಿಕೊಂಡಿತು. ಈ ಕಡೆ ಆಫ್ರಿಕಾ, ಏಷ್ಯಾದಲ್ಲಿ ಬೇರೆಯೇ ಒಂದು ಹಕ್ಕಿ ಅದೇ ಕೆಲಸಕ್ಕೆ ಅದೇ ಥರದ ಹತಾರ ಮಾಡಿಕೊಂಡಿತು. ಬೇರೆ ಬೇರೆ ಊರಿನ ಇಬ್ಬರು ಬಡಿಗೇರು ಒಬ್ಬರನ್ನೊಬ್ಬರು ನೋಡದೇ ಒಂದೇ ಥರದ ಕೂರಿಗೆ ಮಾಡಿದಂಗ.

ವ್ಯತ್ಯಾಸ ಗುರುತಿಸೋದು ಸುಲಭ. ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ರೆಕ್ಕೆ ಬಡಿದು ಗಾಳಿಯಲ್ಲೇ ನಿಲ್ಲುತ್ತದೆ, ಹಿಂದಕ್ಕೂ ಹಾರುತ್ತದೆ. ನಮ್ಮ ಸೂರಕ್ಕಿ ಒಂದೆರಡು ಕ್ಷಣ ಹಂಗೆ ಪಟಪಟ ನಿಲ್ಲಬಲ್ಲದು, ಆದರೆ ಅದರ ಖರೇ ಪದ್ಧತಿ ಕೂತು ಉಣ್ಣೋದು. ಹೂವಿನ ತೊಟ್ಟಿಗೋ ಪಕ್ಕದ ಟೊಂಗೆಗೋ ಜೋತುಬಿದ್ದು, ಕೆಲವು ಸಲ ತಲೆಕೆಳಗಾಗಿ, ಕೊಕ್ಕು ಒಳಗೆ ತೂರಿಸುತ್ತದೆ. ಇದನ್ನ ನೆನಪಿಡಿ. ಗಿಡ ಆಯ್ಕೆ ಮಾಡುವಾಗ ಇದೇ ಮುಖ್ಯ ಆಗುತ್ತದೆ.

ನಮ್ಮಲ್ಲಿ ಎರಡು ಬಗೆ

ಗದಗ-ಬೆಟಗೇರಿಯ ಮನೆಗಳ ಹಿತ್ತಲಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ತೋಟಗಳಲ್ಲಿ ಸಾಮಾನ್ಯವಾಗಿ ಕಾಣೋದು ಎರಡು. ಒಂದು ಕಪ್ಪು ಸೂರಕ್ಕಿ, ಇನ್ನೊಂದು ಊದಾ ಸೂರಕ್ಕಿ. ಎರಡೂ ಕೊಕ್ಕಿನ ತುದಿಯಿಂದ ಬಾಲದ ತುದಿವರೆಗೆ ಸುಮಾರು 10 ಸೆಂಟಿಮೀಟರ್. ತೂಕ ಹತ್ತು ಗ್ರಾಂ ಒಳಗೆ, ಹೆಚ್ಚು ಕಡಿಮೆ ಕಿಸೆಯಲ್ಲಿರುವ ಹತ್ತು ರೂಪಾಯಿ ನಾಣ್ಯದಷ್ಟು.

ಕಪ್ಪು ಸೂರಕ್ಕಿಯ ಗಂಡು ದೂರದಿಂದ ಇದ್ದಿಲಿನಂಗ ಕಪ್ಪು. ಬಿಸಿಲು ಬಿದ್ದಾಗ ನೋಡ್ರಿ, ನೀಲಿ, ನೇರಳೆ, ಹಸಿರು ಒಂದರ ಮೇಲೊಂದು ಹೊಳೆಯುತ್ತವೆ. ಅದು ಬಣ್ಣ ಹಚ್ಚಿದ್ದಲ್ಲ. ಗರಿಯ ಒಳಗಿನ ರಚನೆ ಬೆಳಕನ್ನು ಒಡೆದು ಹಾಗೆ ತೋರಿಸುತ್ತದೆ. ಅದಕ್ಕೇ ಮೋಡದ ದಿನ ಅದೇ ಹಕ್ಕಿ ಸಪ್ಪೆ ಕಪ್ಪು. ಹೆಣ್ಣಿನ ಬೆನ್ನು ಮಬ್ಬು ಕಂದು, ಹೊಟ್ಟೆ ಹಳದಿ.

ಊದಾ ಸೂರಕ್ಕಿಯ ಗಂಡಿಗೆ ಬೆನ್ನು ಕಡು ಕೆಂಗಂದು, ಗಂಟಲು ಮತ್ತು ಬಾಲದ ಬುಡ ನೇರಳೆ ಮಿಂಚು, ಹೊಟ್ಟೆ ನಿಂಬೆಹಣ್ಣಿನ ಹಳದಿ. ಹೆಣ್ಣಿಗೆ ಗಂಟಲು ಬೂದುಬಿಳಿ, ಹೊಟ್ಟೆ ಹಳದಿ. ಎರಡು ಬಗೆಯ ಹೆಣ್ಣುಗಳನ್ನು ಬೇರೆ ಮಾಡಲು ಈ ಗಂಟಲನ್ನೇ ನೋಡಬೇಕು.

ಇಲ್ಲೊಂದು ಮೋಸ ಇದೆ. ಮರಿ ಮಾಡುವ ಕಾಲ ಮುಗಿದ ಮೇಲೆ ಕಪ್ಪು ಸೂರಕ್ಕಿಯ ಗಂಡು ತನ್ನ ಕಪ್ಪು ಅಂಗಿ ಕಳಚುತ್ತದೆ. ಹೆಣ್ಣಿನಂತೆ ಹಳದಿ-ಕಂದಾಗುತ್ತದೆ, ಗಂಟಲಿನಿಂದ ಹೊಟ್ಟೆಯವರೆಗೆ ಮಾತ್ರ ಮಸಿಯಿಂದ ಗೆರೆ ಎಳೆದಂಗ ಒಂದು ಕಪ್ಪು ಪಟ್ಟಿ ಉಳಿಯುತ್ತದೆ. "ಕರೇ ಹಕ್ಕಿ ಹ್ವಾತು, ಬ್ಯಾರೆ ಹಕ್ಕಿ ಬಂತು" ಅಂತ ನಾನೂ ಎರಡು ವರ್ಷ ತಿಳಿದಿದ್ದೆ. ಹೋಗಿರೋದಿಲ್ಲ, ಬಟ್ಟೆ ಬದಲಿಸಿರುತ್ತದೆ ಅಷ್ಟೆ. ಊದಾ ಸೂರಕ್ಕಿಗೆ ಈ ವೇಷ ಬದಲಾವಣೆ ಇಲ್ಲ.

ಏನು ಹಚ್ಚಬೇಕು

ಈ ಹಕ್ಕಿಗೆ ಪ್ರತ್ಯೇಕ ತೋಟ ಬೇಕಿಲ್ಲ. ಹಿತ್ತಲಲ್ಲಿ ನಾಲ್ಕೈದು ಗಿಡ ಸಾಕು. ಆದರೆ ವರ್ಷದ ಯಾವ ತಿಂಗಳಲ್ಲೂ ಹೂವು ಪೂರ್ತಿ ಖಾಲಿ ಆಗಬಾರದು. ಗಿಡ ಆರಿಸುವಾಗ ನಾನು ನೋಡೋದು ಇದೊಂದನ್ನೇ.

ದಾಸವಾಳದಿಂದ ಶುರು ಮಾಡಿ. ಆದರೆ ಐದು ಎಸಳಿನ ಒಂಟಿ ದಾಸವಾಳವನ್ನೇ ಹಚ್ಚಿ. ನರ್ಸರಿಯಲ್ಲಿ ಗುಲಾಬಿಯಂತೆ ಒತ್ತೊತ್ತಾಗಿ ಎಸಳಿರುವ ಮುದ್ದೆ ದಾಸವಾಳ ಚಂದ ಕಾಣುತ್ತದೆ, ದೇವರಿಗೂ ಆಗುತ್ತದೆ. ಸೂರಕ್ಕಿಗೆ ಅದರಿಂದ ಅಷ್ಟು ಪ್ರಯೋಜನ ಇಲ್ಲ, ಮಕರಂದದ ದಾರಿ ಎಸಳಿನ ಗದ್ದಲದಲ್ಲಿ ಮುಚ್ಚಿಹೋಗಿರುತ್ತದೆ. ಮುಂಗಾರು ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಟೊಂಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿದರೆ ಸಾಕು. ಪಕ್ಕದ ಮನೆಯಲ್ಲಿ ಕೇಳಿ ತಂದರೆ ದುಡ್ಡೂ ಇಲ್ಲ. ಸ್ನಾನದ ನೀರು, ಮುಸುರೆ ತಿಕ್ಕಿದ ನೀರು ಹರಿಯುವ ಕಡೆ ಹಚ್ಚಿದರೆ ಬ್ಯಾಸಿಗಿ ದಾಟುತ್ತದೆ.

ಹತ್ತಿ ಬೆಳೆಯುವವರಿಗೆ ಇಲ್ಲೊಂದು ಮಾತು. ಹತ್ತಿಗೆ ಬೀಳುವ ಹಿಟ್ಟು ತಿಗಣೆ ದಾಸವಾಳಕ್ಕೂ ಬೀಳುತ್ತದೆ, ಎರಡೂ ಒಂದೇ ಕುಟುಂಬದ ಗಿಡಗಳು. ಹಿತ್ತಲ ಗಿಡದ ಕುಡಿಯಲ್ಲಿ ಬಿಳಿ ಹಿಟ್ಟು ಕಂಡ ಕೂಡಲೇ ಆ ಕುಡಿ ಮುರಿದು ಸುಟ್ಟುಬಿಡಿ, ಉಳಿದದ್ದಕ್ಕೆ ಜೋರಾಗಿ ನೀರು ಹಾಯಿಸಿ ತೊಳೆಯಿರಿ. ಬಹಳ ಇದ್ದರೆ ಬೇವಿನೆಣ್ಣೆಗೆ ಸ್ವಲ್ಪ ಸೋಪು ಬೆರೆಸಿ ಹೊಡೆದರೆ ಸಾಕು. ಹೊಲದ ಡಬ್ಬಿ ಹಿತ್ತಲಿಗೆ ತರಬ್ಯಾಡ್ರಿ.

ಎರಡನೇದು ನುಗ್ಗೆ. ಪಿಕೆಎಂ-1 ತಳಿಯ ಬೀಜ ಹಾಕಿದರೆ ಅದೇ ವರ್ಷ ಹೂ ಬಿಡುತ್ತದೆ. ಬಿಳಿ ಹೂವಿಗೆ ಹಕ್ಕಿ ಬರೋದಿಲ್ಲ, ಕೆಂಪೇ ಆಗಬೇಕು ಅಂತ ಕೆಲವರು ತಿಳಿದಿದ್ದಾರೆ. ನುಗ್ಗೆ ಹೂ ಬಿಟ್ಟಾಗ ಬೆಳಿಗ್ಗೆ ಏಳರ ಸುಮಾರಿಗೆ ಗಿಡದ ಕೆಳಗೆ ನಿಂತು ನೋಡಿ, ಸಂಶಯ ಹೋಗುತ್ತದೆ. ಜೇನು ಒಂದು ಕಡೆ, ಸೂರಕ್ಕಿ ಇನ್ನೊಂದು ಕಡೆ. ಎರೆಮಣ್ಣಿನವರು ಒಂದು ಕೆಲಸ ಮಾಡಬೇಕು. ನುಗ್ಗೆಯನ್ನು ಸಮತಟ್ಟಿನಲ್ಲಿ ಹಚ್ಚಬೇಡಿ, ಮಣ್ಣು ಏರಿಸಿ ದಿಬ್ಬ ಮಾಡಿ ಅದರ ಮೇಲೆ ಹಚ್ಚಿ. ಮಳೆಗಾಲದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಕೈಬಿಡುತ್ತದೆ. ಮಸಾರಿ ನೆಲದವರಿಗೆ ಈ ತಾಪತ್ರಯ ಕಡಿಮೆ.

ಬಾಳೆಯ ಹೂಮೂತಿ ಅಂದ್ರೆ ಸೂರಕ್ಕಿಗೆ ಹಬ್ಬ. ಊದಾ ಬಣ್ಣದ ಮಡಲು ಎದ್ದ ಕೂಡಲೇ ಕೆಳಗೆ ಸಾಲಾಗಿ ಹೂವು, ಪ್ರತಿ ಹೂವಿನಲ್ಲೂ ಮಕರಂದ. ದಾಳಿಂಬೆ ಇದ್ದವರಿಗೆ ಬೇರೆ ಹೇಳೋದು ಬೇಡ, ಅದರ ಕೆಂಪು ಹೂವಿಗೂ ಬರುತ್ತದೆ. ಚೊಗಚೆ ಮರವನ್ನು ಪುಸ್ತಕಗಳಲ್ಲಿ ಅಗಸೆ ಅಂತ ಬರೆದಿರುತ್ತಾರೆ. ನಮ್ಮ ಕಡೆ ಅಗಸಿ ಅಂದ್ರೆ ಚಟ್ನಿಪುಡಿ ಮಾಡುವ ಕಾಳು, ಗೊಂದಲ ಮಾಡಿಕೊಳ್ಳಬೇಡಿ. ಚೊಗಚೆ ಬೇಗ ಬೆಳೆಯುತ್ತದೆ, ಸೊಪ್ಪು ದನಕ್ಕೂ ಆಡಿಗೂ ಮೇವು. ಬದುವಿನ ಮೇಲೆ ಜಾಗ ಇದ್ದವರು ಹಾಲವಾಣ ಹಚ್ಚಬಹುದು. ಎಲೆ ಉದುರಿದ ಬರಿ ಟೊಂಗೆಯ ಮೇಲೆ ಕೆಂಪು ಹೂ ಬಿಡುವುದರಿಂದ ಹಕ್ಕಿ ನೋಡಲು ಅದಕ್ಕಿಂತ ಚಲೋ ಮರ ಇನ್ನೊಂದಿಲ್ಲ. ಕಪ್ಪತಗುಡ್ಡದ ಕಡೆಯವರಿಗೆ ಮುತ್ತುಗದ ಗಿಡ ಹೊಸದಲ್ಲ. ಅದು ಹೂ ಬಿಡುವ ಫೆಬ್ರುವರಿ-ಮಾರ್ಚ್‌ನಲ್ಲಿ ಒಂದು ಮುಂಜಾನೆ ಹೋಗಿ ಬನ್ನಿ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮ ಆಗಿದೆ, ಅಲ್ಲಿಂದ ಗಿಡ ಕಿತ್ತು ತರೋದು ಮಾತ್ರ ಬೇಡ.

ನರ್ಸರಿಯಿಂದ ಏನಾದರೂ ಕೊಳ್ಳೋದೇ ಆದರೆ ಹ್ಯಾಮೆಲಿಯಾ ಕೇಳಿ. ಕಿತ್ತಳೆಗೆಂಪಿನ ಸಣ್ಣ ಕೊಳವೆ ಹೂವು, ಹೆಚ್ಚುಕಡಿಮೆ ವರ್ಷವಿಡೀ. ಅಮೆರಿಕದಲ್ಲಿ ಇದು ಖರೇನೇ ಹಮ್ಮಿಂಗ್‌ಬರ್ಡ್‌ನ ಗಿಡ, ಇಲ್ಲಿ ಸೂರಕ್ಕಿ ಅದನ್ನ ತನ್ನದು ಮಾಡಿಕೊಂಡಿದೆ. ಏಪ್ರಿಲ್-ಮೇ ಒಣ ದಿನಗಳಲ್ಲಿ ಬೇರೆ ಹೂವು ತೀರಿದಾಗ ಹ್ಯಾಮೆಲಿಯಾ ಮತ್ತು ದಾಸವಾಳ ಎರಡೇ ನಮ್ಮ ಹಿತ್ತಲಲ್ಲಿ ಕೈಹಿಡಿದದ್ದು. ಲಂಟಾನಕ್ಕೂ ಸೂರಕ್ಕಿ ಬರುತ್ತದೆ ನಿಜ. ಆದರೆ ಅದು ಬದುವಿನಿಂದ ಹೊಲಕ್ಕೆ, ಹೊಲದಿಂದ ಗುಡ್ಡಕ್ಕೆ ಹಬ್ಬುವ ಕಳೆ. ಹಕ್ಕಿ ನೆಪದಲ್ಲಿ ಅದನ್ನ ಮನೆಗೆ ಕರೀಬ್ಯಾಡ್ರಿ.

ಹೂವಿನ ಹತ್ತಿರ ಒಂದೆರಡು ಒಣ ಟೊಂಗೆ ಕತ್ತರಿಸದೇ ಬಿಡಿ. ಕೂತು ಉಣ್ಣುವ ಹಕ್ಕಿ ಅಂತ ಮೊದಲೇ ಹೇಳಿದೆನಲ್ಲ. ಗಂಡು ಹಾಡೋದೂ ಅಲ್ಲೇ.

ಫೀಡರ್ ತರಿಸಬೇಕೋ ಬೇಡವೋ

ಗೆಳೆಯನಿಗೆ ನಾನು ಕೊಟ್ಟ ಉತ್ತರ: ಬ್ಯಾಡ.

ಅಮೆರಿಕದವರು ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ತೂಗುಹಾಕುತ್ತಾರೆ. ಬಿಸಿಲಿದ್ದರೆ ದಿನಕ್ಕೊಮ್ಮೆ, ಎರಡು ದಿನಕ್ಕೊಮ್ಮೆ ಬದಲಿಸುತ್ತಾರೆ, ಪ್ರತಿ ಸಲ ತೊಳೆಯುತ್ತಾರೆ. ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ಆ ನೀರು ಸಂಜೆಯೊಳಗೆ ಹುಳಿ ಹಿಡಿಯಲು ಶುರುವಾಗುತ್ತದೆ. ಹುಳಿತ ನೀರು, ಬೂಸ್ಟು ಹಿಡಿದ ಡಬ್ಬಿ ಹಕ್ಕಿಗೆ ರೋಗ. ಹಬ್ಬಕ್ಕೆ ಎರಡು ದಿನ ಊರಿಗೆ ಹೋದರೆ ಯಾರು ತೊಳೀತಾರ? ಇರುವೆ ಸಾಲು ಹಚ್ಚುತ್ತವೆ, ಜೇನು ಮುತ್ತುತ್ತವೆ, ಹಕ್ಕಿ ಹತ್ತಿರ ಬರೋದಿಲ್ಲ. ಸಕ್ಕರೆ ಬದಲು ಬೆಲ್ಲ ಹಾಕಿದರೆ ದೇಸಿ ಆಗುತ್ತದೆ ಅನ್ನೋರೂ ಇದ್ದಾರೆ. ಬೆಲ್ಲ, ಜೇನುತುಪ್ಪ ಎರಡೂ ಸಕ್ಕರೆಗಿಂತ ಬೇಗ ಕೆಡುತ್ತವೆ. ಕೆಂಪು ಬಣ್ಣದ ಪುಡಿಯಂತೂ ಹಾಕಲೇಬಾರದು. ಫೀಡರ್‌ನ ದುಡ್ಡಿಗೆ ಎರಡು ಹ್ಯಾಮೆಲಿಯಾ ಸಸಿ ಬರುತ್ತವೆ, ಅವನ್ನು ತೊಳೆಯುವ ಕೆಲಸ ಇಲ್ಲ.

ಸಿಹಿಗಿಂತ ನೀರಿಟ್ಟರೆ ಹೆಚ್ಚು ಉಪಯೋಗ. ಅಗಲವಾದ ಮಣ್ಣಿನ ಪರಟೆಯಲ್ಲಿ ಎರಡು ಬೆರಳು ಎತ್ತರ ನೀರು, ನಡುವೆ ಒಂದು ಕಲ್ಲು. ದಿನಾ ಚೆಲ್ಲಿ ಹೊಸದು ಹಾಕಬೇಕು, ಇಲ್ಲಾಂದ್ರೆ ಸೊಳ್ಳೆ ಸಾಕಿದಂಗ. ಇದಕ್ಕಿಂತ ಸುಲಭದ ಉಪಾಯ ಒಂದಿದೆ. ಮುಂಜಾನೆ ಗಿಡಕ್ಕೆ ನೀರು ಬಿಡುವಾಗ ಎಲೆಗಳ ಮೇಲೂ ಒಂದು ಸಲ ಚಿಮುಕಿಸಿ. ಸೂರಕ್ಕಿ ಒದ್ದೆ ಎಲೆಗೆ ಮೈ ತಿಕ್ಕಿ ಸ್ನಾನ ಮಾಡುತ್ತದೆ. ಬಾಳೆ ಎಲೆ ಮೇಲೆ ಜಾರುತ್ತ ಅದು ಮೀಯೋದನ್ನ ನೋಡಿದವರು ರೀಲ್ಸ್ ನೋಡೋದು ಬಿಡ್ತಾರ.

ಔಷಧಿಯ ವಿಚಾರ

ಸೂರಕ್ಕಿ ಬಂದರೆ ಇಳುವರಿ ಹೆಚ್ಚುತ್ತದೆ ಅಂತ ನಾನು ಬರೆಯೋದಿಲ್ಲ. ಮೆಣಸಿನಕಾಯಿ, ಹೆಸರು, ಕಡಲೆ ಬಹುಪಾಲು ತಮ್ಮ ಪರಾಗಸ್ಪರ್ಶ ತಾವೇ ಮಾಡಿಕೊಳ್ಳುತ್ತವೆ. ಸೂರ್ಯಕಾಂತಿಗೆ ಜೇನು ಬೇಕು. ದಾಸವಾಳದಲ್ಲಂತೂ ಈ ಹಕ್ಕಿ ಎಷ್ಟೋ ಸಲ ಹೂವಿನ ಬುಡಕ್ಕೆ ತೂತು ಕೊರೆದು, ಪರಾಗ ಮುಟ್ಟದೇ ಮಕರಂದ ಕದಿಯುತ್ತದೆ. ಹಣ್ಣಾದ ದ್ರಾಕ್ಷಿಗೆ ಕೊಕ್ಕು ಹಾಕೋದೂ ಉಂಟು. ಆದರೆ ಇದು ಬರೀ ಮಕರಂದದ ಹಕ್ಕಿಯಲ್ಲ. ಜೇಡ, ಸಣ್ಣ ಹುಳು, ಕೀಟ ಹಿಡಿಯುತ್ತದೆ. ಮರಿಗಳಿಗೆ ಕೊಡುವುದು ಬಹುಪಾಲು ಇವನ್ನೇ, ಗರಿ ಬೆಳೆಯೋದಕ್ಕೆ ಸಕ್ಕರೆ ಸಾಲದು. ಹಿತ್ತಲ ಬದನೆ, ಅವರೆ, ಹೀರೆ ಬಳ್ಳಿಯ ಮೇಲೆ ಅದು ಹುಡುಕುತ್ತ ಓಡಾಡೋದು ಅದಕ್ಕೇ.

ನಾವು ವಿಷ ಉಣಿಸೋದೂ ಅಲ್ಲೇ. ಇಮಿಡಾಕ್ಲೋಪ್ರಿಡ್, ಥಯಾಮಿಥಾಕ್ಸಾಮ್ ಥರದ ಔಷಧಿ ಅಂತರ್ವ್ಯಾಪಿ. ಅಂದ್ರೆ ಎಲೆಗೆ ಹೊಡೆದರೂ ಬೇರಿಗೆ ಹಾಕಿದರೂ ಗಿಡದ ರಸದೊಳಗೆ ಸೇರುತ್ತದೆ, ಅಲ್ಲಿಂದ ಪರಾಗಕ್ಕೆ, ಮಕರಂದಕ್ಕೆ ಬರುತ್ತದೆ. ಹತ್ತು ಗ್ರಾಂ ತೂಗದ ಹಕ್ಕಿ ದಿನಕ್ಕೆ ನೂರಾರು ಹೂವಿನ ಮಕರಂದ ಕುಡಿಯುತ್ತದೆ. ಮೊನೊಕ್ರೊಟೊಫಾಸ್ ಇನ್ನೂ ಕೆಟ್ಟದ್ದು. 1995-96ರಲ್ಲಿ ಅರ್ಜೆಂಟೀನಾದಲ್ಲಿ ಮಿಡತೆಗೆ ಅಂತ ಅದನ್ನು ಹೊಡೆದಾಗ ಆ ಮಿಡತೆ ತಿಂದ ಗಿಡುಗಗಳು ಸಾವಿರಗಟ್ಟಲೆ ಸತ್ತು ಬಿದ್ದವು. ನಮ್ಮಲ್ಲಿ ಅದನ್ನ ತರಕಾರಿಗೆ ಬಳಸಬಾರದು ಅಂತ ಆದೇಶ ಬಂದು ಎಷ್ಟೋ ವರ್ಷ ಆಯಿತು. ಆದರೂ ಹಳೇ ಡಬ್ಬಿ ಅಟ್ಟದ ಮೇಲೆ ಇಟ್ಟವರಿದ್ದಾರೆ. ಅದನ್ನು ಹಿತ್ತಲ ಬದನೆಗೆ ಮುಗಿಸಿಬಿಡೋಣ ಅನ್ನಬೇಡಿ. ಆ ಬದನೆ ಉಣ್ಣೋರು ನಿಮ್ಮ ಮನೆಯವರೇ.

ಮೆಣಸಿನಕಾಯಿಗೆ 2021ರ ನಂತರ ಕಪ್ಪು ಥ್ರಿಪ್ಸ್ ಬಂದು ಹೂವನ್ನೇ ತಿಂದದ್ದು ನನಗೂ ಗೊತ್ತು. ಏನೂ ಹೊಡೀಬ್ಯಾಡ್ರಿ ಅಂತ ಹೇಳೋ ಧೈರ್ಯ ನನಗಿಲ್ಲ. ನೀಲಿ ಅಂಟು ಬಲೆ ಹಾಕಿ ಥ್ರಿಪ್ಸ್ ಎಷ್ಟಿದೆ ಅಂತ ಮೊದಲು ನೋಡಿ, ಬೇವಿನಿಂದ ಶುರು ಮಾಡಿ, ಹೊಡೆಯಲೇಬೇಕಾದರೆ ಗಾಳಿ ನಿಂತ ಸಂಜೆ ಹೊಡೆಯಿರಿ. ಮನೆಗೆ ಹತ್ತಿದ ನಾಲ್ಕಾರು ಸಾಲು ಬಿಟ್ಟುಬಿಡಿ. ಇನ್ನೊಂದು ವಿಷಯ ನಾವು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ: ಪಂಪು ತೊಳೆಯುವ ಜಾಗ. ಹೊಲದಿಂದ ಬಂದು ಹಿತ್ತಲ ನಳದ ಕೆಳಗೇ ಪಂಪು ಜಾಲಾಡುತ್ತೇವೆ. ಆ ನೀರು ದಾಸವಾಳದ ಬುಡಕ್ಕೆ ಹೋಗುತ್ತದೆ, ಅಲ್ಲೇ ಗುಂಡಿಯಲ್ಲಿ ನಿಂತ ನೀರು ಹಕ್ಕಿ, ಕೋಳಿ, ನಾಯಿ ಕುಡಿಯುತ್ತವೆ. ಹೊಲದಲ್ಲೇ, ಬಾವಿ-ಹಳ್ಳದಿಂದ ದೂರ ತೊಳೆದು ಬನ್ನಿ.

ಮಾವು ಇದ್ದವರಿಗೆ ಇನ್ನೊಂದು ಸಂಗತಿ. ಮರದ ಟೊಂಗೆ ಮೇಲೆ ಬದನಿಕೆ ಬೆಳೆದು ರಸ ಹೀರೋದು ಗೊತ್ತಿರುತ್ತದೆ. ಅದರ ಕಿತ್ತಳೆ ಬಣ್ಣದ ಕೊಳವೆ ಹೂವಿಗೆ ಪರಾಗಸ್ಪರ್ಶ ಮಾಡೋದು ಸೂರಕ್ಕಿ. ಹಣ್ಣು ತಿಂದು ಅಂಟು ಬೀಜವನ್ನು ಇನ್ನೊಂದು ಟೊಂಗೆಗೆ ಒರೆಸೋದು ಹೂಕುಟುಕ ಅನ್ನುವ, ಇದಕ್ಕಿಂತ ಸಣ್ಣ, ಮೋಟು ಕೊಕ್ಕಿನ ಬೂದು ಹಕ್ಕಿ. ಹಕ್ಕಿಯನ್ನು ಬೈಯೋದರಿಂದ ಏನೂ ಆಗೋದಿಲ್ಲ. ಬದನಿಕೆ ಹಣ್ಣಾಗುವ ಮೊದಲೇ, ಅದು ಅಂಟಿದ ಜಾಗದಿಂದ ಮೊಳದಷ್ಟು ಹಿಂದಕ್ಕೆ ಟೊಂಗೆಯನ್ನೇ ಕತ್ತರಿಸಬೇಕು. ಬರೀ ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ.

ಗೂಡು, ಮತ್ತು ನಾನು ಮಾಡಿದ ತಪ್ಪು

ಸೂರಕ್ಕಿ ಗೂಡು ನೋಡಿದರೆ ಗೂಡು ಅನಿಸೋದೇ ಇಲ್ಲ. ಟೊಂಗೆ ತುದಿಗೆ ಕಸ ಸಿಕ್ಕಿ ಜೋತಾಡ್ತದ ಅನಿಸುತ್ತದೆ. ಜೇಡರ ಬಲೆಯ ನೂಲಿನಿಂದ ಒಣ ಹುಲ್ಲು, ತೊಗಟೆ ಚೂರು, ಹುಳುವಿನ ಹಿಕ್ಕೆ, ಕಾಗದದ ತುಣುಕು ಎಲ್ಲ ಹೊಲಿದು ಉದ್ದ ಚೀಲ ಮಾಡಿರುತ್ತದೆ. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಬಿಸಿಲು-ಮಳೆಗೆ ಸಣ್ಣ ತಗಡಿನ ಚಪ್ಪರದಂಥ ಮಾಡು. ಒಳಗೆ ಹತ್ತಿಯಂಥ ಮೆತ್ತೆ. ಇದಿಷ್ಟನ್ನೂ ಕಟ್ಟೋದು ಹೆಣ್ಣೊಂದೇ. ಗಂಡು ಜೊತೆಗೆ ಹಾರಾಡುತ್ತದೆ, ಹಾಡುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಕೂಡೋದೂ ಹೆಣ್ಣೇ, ಸುಮಾರು ಎರಡು ವಾರ. ಮರಿ ಒಡೆದ ಮೇಲೆ ಗಂಡೂ ತುತ್ತು ತರುತ್ತದೆ. ಮುಂದೆ ಇನ್ನೆರಡು ವಾರ ದಾಟಿದರೆ ಮರಿ ಹಾರುತ್ತವೆ. ಅಂದ್ರೆ ಒಟ್ಟು ಒಂದು ತಿಂಗಳ ಮಾತು.

ನೆಲದಿಂದ ಆಳೆತ್ತರದ ಒಳಗೇ ಕಟ್ಟುತ್ತದೆ, ಎಷ್ಟೋ ಸಲ ಮನೆ ಬಾಗಿಲ ಹತ್ತಿರವೇ, ಬಟ್ಟೆ ಒಣಹಾಕುವ ತಂತಿಗೋ ಕರೆಂಟಿನ ವೈರಿಗೋ. ನಮ್ಮಲ್ಲಿ ಕಾಗದದ ಹೂವಿನ ಬಳ್ಳಿಯಲ್ಲಿ ಕಟ್ಟಿತ್ತು, ಕಿಟಕಿಯಿಂದ ಆರಡಿ ದೂರ. ನನಗೆ ಹೊಸ ಫೋನು ಬಂದ ವರ್ಷ. ಮರಿಗಳ ಕಿತ್ತಳೆ ಬಾಯಿ ಕಾಣುವಂಥ ವಿಡಿಯೊ ಬೇಕಿತ್ತು. ಗೂಡಿನ ಮುಂದೆ ನಾಲ್ಕಾರು ಎಲೆ, ಒಂದು ಸಣ್ಣ ಟೊಂಗೆ ಅಡ್ಡ ಬರುತ್ತಿದ್ದವು. ಕತ್ತರಿ ತಂದು ತೆಗೆದೆ. ಬೆಳಕು ಚಲೋ ಬಂತು, ವಿಡಿಯೊ ಚಲೋ ಬಂತು, ಸ್ಟೇಟಸ್ಸಿಗೆ ಹಾಕಿದೆ. ಎಲ್ಲರೂ ನೋಡಿದರು. ಮೂರನೇ ದಿನ ಮುಂಜಾನೆ ಗೂಡು ಹರಿದು ಜೋತಾಡ್ತಿತ್ತು. ಎಲೆ ಮರೆ ಇಲ್ಲದೇ ಕಾಗೆಗೆ ಕಂಡಿತ್ತು. ಹೆಣ್ಣು ಬಾಯಲ್ಲಿ ಹುಳು ಹಿಡಿದು ಬಂದು, ಇಲ್ಲದ ಬಾಗಿಲ ಮುಂದೆ ರೆಕ್ಕೆ ಬಡಿದು, ಪಕ್ಕದ ತಂತಿಗೆ ಕೂತು, ಮತ್ತೆ ಬಂತು. ಮಧ್ಯಾಹ್ನದವರೆಗೂ ಹಂಗೇ. ಅವ್ವ ಬೈಲಿಲ್ಲ. "ಬಾಣಂತಿ ಕ್ವಾಣಿ ಬಾಗಲಾ ತಗದಿಟ್ಟಂಗಾತಲ್ಲೋ" ಅಂದಳು ಅಷ್ಟೆ. ಆ ವಿಡಿಯೊ ಇನ್ನೂ ನನ್ನ ಫೋನಿನಲ್ಲಿದೆ, ತೆರೆದು ನೋಡಿಲ್ಲ.

ಹಾಗಾಗಿ ಗೂಡು ಕಂಡರೆ ಇಷ್ಟು ಮಾಡಿ. ಒಂದು ಎಲೆಯನ್ನೂ ಸರಿಸಬೇಡಿ. ಹದಿನೈದು ಅಡಿಗಿಂತ ಹತ್ತಿರ ಹೋಗಿ ನಿಲ್ಲಬೇಡಿ, ಆಗುವುದಾದರೆ ಮನೆಯೊಳಗಿಂದ ಕಿಟಕಿಯಲ್ಲಿ ನೋಡಿ. ಹಕ್ಕಿ ತುತ್ತು ಹಿಡಿದು ಹತ್ತಿರದ ಟೊಂಗೆಯಲ್ಲೇ ಚಡಪಡಿಸುತ್ತಿದ್ದರೆ, ಗೂಡಿಗೆ ಹೋಗದಿದ್ದರೆ, ಅದು ನಿಮ್ಮನ್ನು ಕಂಡು ಹೆದರಿದೆ ಅಂತ ಅರ್ಥ. ಎದ್ದು ಬನ್ನಿ. ಫ್ಲ್ಯಾಷ್ ಬೇಡ. ಫೋನಿನಲ್ಲಿ ಹಕ್ಕಿಯ ಕೂಗು ಹಚ್ಚಿ ಕರೆಯೋದು ಬೇಡ. ತಂತಿಗೆ ಕಟ್ಟಿದ್ದರೆ ಒಂದು ತಿಂಗಳು ಬಟ್ಟೆ ಬೇರೆ ಕಡೆ ಒಣಹಾಕಿ. ಗೂಡು ಕೀಳೋದು, ಹಕ್ಕಿ ಹಿಡಿಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಬೈಕಿನ ವಿಷಯವನ್ನೂ ಇಲ್ಲೇ ಹೇಳಿಬಿಡ್ತೀನಿ. ಮರಿ ಮಾಡುವ ಕಾಲದಲ್ಲಿ ಕಪ್ಪು ಸೂರಕ್ಕಿಯ ಗಂಡು ಬೈಕಿನ ಕನ್ನಡಿ ಮುಂದೆ ಕೂತು ತಾಸುಗಟ್ಟಲೆ ಕುಕ್ಕುತ್ತದೆ. ತನ್ನ ಚಂದ ನೋಡಿಕೊಳ್ಳೋದಲ್ಲ ಅದು. ಒಳಗೆ ಇನ್ನೊಂದು ಗಂಡು ತನ್ನ ಜಾಗಕ್ಕೆ ಬಂದಿದೆ ಅಂತ ಜಗಳ. ಸುಮ್ಮನೆ ದಣಿಯುತ್ತದೆ. ಕನ್ನಡಿಗೆ ಹಳೇ ಕಾಲುಚೀಲ ಹಾಕಿಬಿಡಿ, ಜಗಳ ಮುಗಿಯಿತು.

ನೋಡಿದ್ದನ್ನು ಬರೆದಿಡೋದು

ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟಿಯ ಗೌರವವೂ ಸಿಕ್ಕಿತು. ಆದರೆ ಅದೇ ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯ ಹಿತ್ತಲಲ್ಲಿ ಈ ವರ್ಷ ಸೂರಕ್ಕಿ ಎಷ್ಟಿದ್ದವು, ಯಾವ ತಿಂಗಳು ಗೂಡು ಕಟ್ಟಿದವು ಅಂತ ಬರೆದಿಡೋರು ಆ ಹಿತ್ತಲಿನವರೇ ಆಗಬೇಕು, ಹೊರಗಿನವರಿಗೆ ಅದು ಕಾಣೋದಿಲ್ಲ.

ಇ-ಬರ್ಡ್ ಅನ್ನೋ ಆ್ಯಪ್ ಉಚಿತ. ಹದಿನೈದು ನಿಮಿಷ ಒಂದೇ ಕಡೆ ನಿಂತು ಅಥವಾ ನಡೆದು, ಕಂಡ ಎಲ್ಲ ಹಕ್ಕಿಗಳನ್ನೂ, ಕಾಗೆ-ಗುಬ್ಬಿಯನ್ನೂ ಬಿಡದೇ, ಪಟ್ಟಿ ಮಾಡಿ ಹಾಕಬೇಕು. ಗುರುತು ಹತ್ತದಿದ್ದರೆ ಮರ್ಲಿನ್ ಆ್ಯಪ್ ಫೋಟೊ ನೋಡಿ, ಕೂಗು ಕೇಳಿ ಹೆಸರು ಸೂಚಿಸುತ್ತದೆ. ಅದು ಹೇಳಿದ್ದನ್ನೆಲ್ಲ ನಂಬದೇ ಗಂಟಲು, ಹೊಟ್ಟೆ, ಬೆನ್ನಿನ ಬಣ್ಣ ನೀವೇ ತಾಳೆ ನೋಡಿ. 2023ರಲ್ಲಿ ಬಂದ ದೇಶದ ಪಕ್ಷಿ ಸ್ಥಿತಿಗತಿ ವರದಿ 942 ಜಾತಿಗಳನ್ನು ಲೆಕ್ಕ ಹಾಕಿದ್ದು ಇಂಥ ಪಟ್ಟಿಗಳಿಂದಲೇ. 30 ಸಾವಿರಕ್ಕೂ ಹೆಚ್ಚು ಜನ ಹಾಕಿದ ಮೂರು ಕೋಟಿಗೂ ಮೀರಿದ ದಾಖಲೆಗಳು ಅವು. ಪ್ರತಿ ವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ, ನಮ್ಮಲ್ಲಿ ಕಡಲೆ ರಾಶಿಯ ಹೊತ್ತು. ರಾಶಿ ನಡುವೆ ಹದಿನೈದು ನಿಮಿಷ ತೆಗೆಯೋದು ಕಷ್ಟ ಏನಲ್ಲ.

ಆ್ಯಪ್ ಬೇಡ ಅನ್ನೋರು ಫೋನಿನ ನೋಟ್ಸ್‌ನಲ್ಲೇ ಬರೆದಿಡಿ: ತಾರೀಖು, ಹೊತ್ತು, ಯಾವ ಹೂವು, ಗಂಡೋ ಹೆಣ್ಣೋ, ಗಂಡಿಗೆ ಕಪ್ಪು ಅಂಗಿ ಇದೆಯೋ ಪಟ್ಟಿ ಮಾತ್ರ ಇದೆಯೋ. ನಿಮ್ಮ ಹಿತ್ತಲಲ್ಲಿ ಯಾವ ತಿಂಗಳು ಅಂಗಿ ಬದಲಾಗುತ್ತದೆ ಅನ್ನೋದು ಒಂದೇ ವರ್ಷದಲ್ಲಿ ಗೊತ್ತಾಗುತ್ತದೆ. ಗೂಡಿನ ಜಾಗ ಮಾತ್ರ ಎಲ್ಲೂ ಹಾಕಬೇಡಿ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಮುಂಡರಗಿ ಗೆಳೆಯನಿಂದ ಇನ್ನೊಂದು ವಿಡಿಯೊ ಬಂತು. ಹೊತ್ತು ಮುಳುಗಿದ ಮೇಲೆ ತೆಗೆದದ್ದು. "ಈಗೇನಂತಿ? ಇದು ಕೂತಿಲ್ಲ ನೋಡು, ಗಾಳ್ಯಾಗ ನಿಂತೈತಿ. ಹಮ್ಮಿಂಗ್‌ಬರ್ಡೇ!" ಎರಡು ಸಲ ನಿಧಾನಕ್ಕೆ ಓಡಿಸಿ ನೋಡಿದೆ. ಹೂವಿನ ಮುಂದೆ ಗುಂಯ್ ಅಂತ ನಿಂತಿದೆ ನಿಜ. ಆದರೆ ತಲೆ ಮೇಲೆ ಎರಡು ಮೀಸೆ, ಕೊಕ್ಕಿನ ಜಾಗದಲ್ಲಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಳ್ಳುವ ಸೊಂಡಿಲು, ಆರು ಕಾಲು. ಅದು ಪತಂಗ, ಗಿಡುಗ ಪತಂಗ ಅಂತಾರೆ. ಹಮ್ಮಿಂಗ್‌ಬರ್ಡ್ ಮಾಡುವ ಕೆಲಸವನ್ನು ನಮ್ಮಲ್ಲಿ ಗಾಳಿಯಲ್ಲಿ ನಿಂತೇ ಮಾಡೋದು ಇದು. ಅವನಿಗೆ ಇನ್ನೂ ಹೇಳಿಲ್ಲ. ನಾಳೆ ಸಂಜೆ ಅವರ ಹಿತ್ತಲಿಗೇ ಹೋಗಿ ತೋರಿಸಬೇಕು ಅಂತಿದ್ದೇನೆ, ಹಂಗೇ ಒಂದೆರಡು ದಾಸವಾಳದ ಟೊಂಗೆನೂ ತರಬೇಕು.